ತಮ್ಮನ ಕಣ್ಣಿನ ಬಣ್ಣ

ಕೂತಲ್ಲಿ ಕೂರುವ ಜಾಯಮಾನ ಮಣಿಯಕ್ಕನದಲ್ಲ. ಹಾಲು ಕಾಯಲಿಟ್ಟು ಬೀದಿಗೆ ಬರುವಳು, ಬೀದಿಯಲ್ಲಿ ಯಾರದೋ ಮಾತಿಗೆ ನಿಂತು ಹಾಲಿನ ನೆನಪಾಗಿ ಓಡುವಳು. ಅಂಥವಳು ಗಾಜಿನ ಮಣಿ ಮಾಡುವ ಕಸುಬಿನಲ್ಲಿ ಇಪ್ಪತ್ತೆರಡು ವರ್ಷ ನಿಂತದ್ದು ಬೀದಿಯವರಿಗೆಲ್ಲ ಸೋಜಿಗ. ಆದರೆ ಆ ಕೆಲಸದಲ್ಲಿ ಕೈ ಸುಮ್ಮನಿರುವ ಹಾಗೇ ಇಲ್ಲ. ಎಡಗೈಯಲ್ಲಿ ಮಣ್ಣು ಲೇಪಿಸಿದ ಉಕ್ಕಿನ ಕಂಬಿ, ಬಲಗೈಯಲ್ಲಿ ಗಾಜಿನ ಕಡ್ಡಿ, ಎದುರಿಗೆ ಬುಸುಗುಡುವ ಗ್ಯಾಸ್ ಬರ್ನರ್. ಕರಗಿದ ಗಾಜು ಜೇನಿನಂತೆ ಇಳಿದು ಕಂಬಿಗೆ ಸುತ್ತಿಕೊಳ್ಳುತ್ತದೆ. ತಿರುಗಿಸುವುದನ್ನು ಒಂದು ಗಳಿಗೆ ಬಿಟ್ಟರೂ ಜೋತುಬಿದ್ದು ಕೆಡುತ್ತದೆ.

ಅವಳ ತಮ್ಮ ಟೈಲರ್. ಪಕ್ಕದ ಬೀದಿಯಲ್ಲೇ ಅಂಗಡಿ. ಹತ್ತು ಗಂಟೆಯ ಚಹಾಕ್ಕೆ ಅಕ್ಕನ ಕೆಲಸದ ಕೋಣೆಗೆ ಬಂದು ಒಂದಿಷ್ಟು ಹರಟಿ ಹೋಗುವುದು ಅವನ ರೂಢಿ. ಬೆಕ್ಕಿನ ಕಣ್ಣಿನವನು, ಜೇನಿನ ಬಣ್ಣ, ಅಂಚಿನಲ್ಲಿ ತುಸು ಹಸಿರು.

ಒಂದೂವರೆ ವರ್ಷದ ಹಿಂದೆ, ಅಂಥದೇ ಒಂದು ಬೆಳಿಗ್ಗೆ ಎಡವಟ್ಟಾಯಿತು. ತಣ್ಣನೆಯ ಕಡ್ಡಿಯನ್ನು ಮೊದಲು ಉರಿಯ ಅಂಚಿನಲ್ಲಿ ಹಿಡಿದು ನಿಧಾನಕ್ಕೆ ಬಿಸಿ ಮಾಡಬೇಕು, ಇದು ಕಸುಬಿನ ಮೊದಲ ಪಾಠ. ಮಾತಿನ ಭರದಲ್ಲಿ, ಬೇಗ ಮುಗಿಸುವ ಆತುರದಲ್ಲಿ, ಮಣಿಯಕ್ಕ ಕಡ್ಡಿಯನ್ನು ನೇರ ಉರಿಯ ನಡುವಿಗೇ ಕೊಟ್ಟಳು. ಪಟ್ಟೆಂದು ಸಿಡಿಯಿತು. ಅವಳು ಕೆಲಸದ ಕನ್ನಡಕ ಹಾಕಿದ್ದಳು. ಪಕ್ಕದಲ್ಲಿ ನಿಂತಿದ್ದ ತಮ್ಮ ಹಾಕಿರಲಿಲ್ಲ.

ಎಡಗಣ್ಣು ಉಳಿಯಲಿಲ್ಲ. ಡಾಕ್ಟರು ಕೇಳಿದಾಗಲೂ, ಗಂಡ ಕೇಳಿದಾಗಲೂ, ತಮ್ಮನ ಹೆಂಡತಿ ಕೇಳಿದಾಗಲೂ ಮಣಿಯಕ್ಕನ ಬಾಯಿಂದ ಬಂದದ್ದು ಒಂದೇ ಮಾತು: "ಕಡ್ಡಿಯಲ್ಲೇ ಬಿರುಕಿತ್ತು."

ತಮ್ಮ ಏನೂ ಕೇಳಲಿಲ್ಲ. ಅದೇ ಅವಳನ್ನು ತಿಂದದ್ದು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳೋ ಏನೋ. ಕೋಣೆಗೆ ಬೀಗ ಹಾಕಿದಳು. ತೊಳೆದ ಪಾತ್ರೆಯನ್ನೇ ತೊಳೆದಳು, ಕಪಾಟನ್ನು ಈ ಗೋಡೆಯಿಂದ ಆ ಗೋಡೆಗೆ ಎಳೆದಳು, ವಾರ ಕಳೆದ ಮೇಲೆ ಮತ್ತೆ ಇತ್ತ ಎಳೆದಳು. ಸಂಜೆ ಕಾಲು ಹೋದತ್ತ ಹೋಗುವಳು. ತಮ್ಮನ ಅಂಗಡಿಯ ತಿರುವು ಬಂದರೆ ಮಾತ್ರ ಬೇರೆ ದಾರಿ ಹಿಡಿಯುವಳು. "ಮನೇಲಿ ಗಡಿಯಾರಕ್ಕಿಂತ ನೀನೇ ಜಾಸ್ತಿ ಓಡ್ತೀಯಲ್ಲೇ" ಎಂದು ಗಂಡ ನಗಿಸಲು ನೋಡಿದ.

ಒಂದು ದಿನ ತಮ್ಮನ ಹೆಂಡತಿಯೇ ಮನೆಗೆ ಬಂದಳು.

"ಅಕ್ಕ, ಇವರು ಈಗ ಗಿರಾಕಿಗಳ ಮುಖಾನೇ ನೋಡಲ್ಲ. ಅಳತೆ ತಗೊಳ್ಳೋವಾಗ್ಲೂ ತಲೆ ಬಗ್ಗಿಸ್ಕೊಂಡೇ ಇರ್ತಾರೆ. ಬಂದೋರ ಹತ್ರ, ಒಂದು ಕಣ್ಣು ಅಮ್ಮ ಕೊಟ್ಟಿದ್ದು, ಇನ್ನೊಂದು ಅಂಗಡಿಯಿಂದ ತಂದಿದ್ದು ಅಂತ ತಮಾಷೆ ಮಾಡ್ತಾರೆ, ಅಷ್ಟೇ. ನಕಲಿ ಕಣ್ಣು ಮಾಡೋನಿಗೆ ಆ ಬಣ್ಣ ಹಿಡಿಯೋಕೇ ಆಗ್ತಿಲ್ಲ. ಮೂರು ಸಲ ಮಾಡಿದ, ಮೂರೂ ಬೇರೆ ಯಾರದೋ ಕಣ್ಣಿನ ಥರ ಇದೆ. ನೀವು ಬಣ್ಣದ ಜೊತೆಗೇ ಬದುಕಿದೋರು. ಏನಾದ್ರೂ ಮಾಡಿ."

ಮಣಿಯಕ್ಕ ಮಾರನೆಯ ದಿನವೇ ಕೃತಕ ಕಣ್ಣು ಮಾಡುವವನ ಬಾಗಿಲಲ್ಲಿ ನಿಂತಿದ್ದಳು.

"ನಾನು ಪ್ಲಾಸ್ಟಿಕ್‌ನಲ್ಲಿ ಮಾಡೋದಮ್ಮ, ನಿಮ್ಮ ಗಾಜು ಇದಕ್ಕೆ ಬರಲ್ಲ," ಎಂದ ಅವನು. "ಫೋಟೋ ನಂಬ್ಕೊಂಡು ಮೂರು ಸಲ ಕೆಟ್ಟೆ. ನಿಮ್ಮ ತಮ್ಮನ್ನ ದಿನಗಟ್ಲೆ ಎದುರಿಗೆ ಕೂರಿಸ್ಕೊಳ್ಳೋಕೂ ಆಗಲ್ಲ. ಸರಿಯಾದ ಬಣ್ಣದ ಮಾದರಿ ಒಂದು ತಂದ್ಕೊಡಿ, ಅದನ್ನ ನೋಡ್ಕೊಂಡು ಬಣ್ಣ ಬರೀತೀನಿ."

ಬೀಗ ತೆಗೆದಳು. ಬರ್ನರ್ ಹೊತ್ತಿಸುವಾಗ ಮೂರು ಸಲ ಕೈ ಹಿಂದೆ ಬಂತು. ತಮ್ಮನನ್ನು ಕರೆಸಿದಳು, ಆದರೆ ಕೋಣೆಯೊಳಗೆ ಬಿಡಲಿಲ್ಲ. ಮುಚ್ಚಿದ ಗಾಜಿನ ಕಿಟಕಿಯ ಆಚೆ, ಬೆಳಕಿಗೆ ಮುಖ ಮಾಡಿ ಕುರ್ಚಿ ಹಾಕಿಸಿದಳು.

"ರೆಪ್ಪೆ ಹೊಡೀಬೇಡ."

"ಎಷ್ಟು ಹೊತ್ತೇ? ನೀರು ಸುರೀತಿದೆ."

"ಸುರೀಲಿ."

ಜೇನುಬಣ್ಣದ ಗಾಜಿನ ಮೇಲೆ ಕೂದಲೆಳೆಯಷ್ಟು ತೆಳ್ಳಗಿನ ಹಸಿರು ಎಳೆದಳು, ಅದರ ಮೇಲೆ ಬಣ್ಣವಿಲ್ಲದ ಗಾಜಿನ ಒಂದು ಪದರ ಹೊದಿಸಿದಳು. ಬೆಂಕಿಯಲ್ಲಿ ಎಲ್ಲವೂ ಕೆಂಪಗೆ ಕಾಣುತ್ತದೆ. ನಿಜವಾದ ಬಣ್ಣ ತಿಳಿಯುವುದು ಮಣಿ ಬಿಸಿ ಬೂದಿಯ ಡಬ್ಬಿಯಲ್ಲಿ ಗಂಟೆಗಟ್ಟಲೆ ಹುದುಗಿದ್ದು ಆರಿದ ಮೇಲೆಯೇ. ಅಷ್ಟು ತಾಳ್ಮೆ ಯಾರಿಗಿದೆ? ಅರ್ಧ ಗಂಟೆಗೇ ಡಬ್ಬಿಯ ಮುಚ್ಚಳ ತೆಗೆದಳು. ಗಾಳಿ ತಾಗಿದ್ದೇ ಮಣಿ ಎರಡು ಹೋಳಾಯಿತು. ಎರಡನೆಯದೂ ಹಾಗೇ ಹೋಯಿತು, ಮೂರನೆಯದೂ. ಕೊನೆಗೆ ಗಂಡ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋಗತೊಡಗಿದ. ಅವನು ಬರುವ ತನಕ ಅವಳು ಕಪಾಟಿನ ಸುತ್ತ ಸುಳಿದದ್ದೇ ಸುಳಿದದ್ದು.

ಒಂದು ತೀರಾ ಹಳದಿಯಾಯಿತು, ಒಂದು ಪಾಚಿಯಂತಾಯಿತು. ಐದು ವಾರ ಕಳೆದು, ಮೂವತ್ತೊಂದನೆಯ ಮಣಿಯನ್ನು ತಮ್ಮನ ಬಲಗಣ್ಣಿನ ಪಕ್ಕಕ್ಕೆ ಹಿಡಿದಾಗ ಎರಡರ ಬಣ್ಣವೂ ಒಂದೇ ಆಗಿತ್ತು.

ಕಣ್ಣು ಮಾಡುವವನು ಅದನ್ನೇ ಮುಂದಿಟ್ಟುಕೊಂಡು ಹದಿನೈದು ದಿನ ಕೂತ. ಹೊಸ ಕಣ್ಣು ಹಾಕಿಸಿಕೊಳ್ಳಲು ಅಕ್ಕನ ಜೊತೆ ಹೋದ ದಿನ ತಮ್ಮ ಅಲ್ಲಿನ ಕನ್ನಡಿಯ ಮುಂದಿನಿಂದ ಬಹಳ ಹೊತ್ತು ಕದಲಲಿಲ್ಲ. ಟ್ಯೂಬ್‌ಲೈಟಿನಲ್ಲಿ ತುಸು ವ್ಯತ್ಯಾಸ ಕಾಣುತ್ತಿತ್ತು. ಹಗಲು ಬೆಳಕಿನಲ್ಲಿ ಎರಡೂ ಅವನವೇ. ಹೊರಗೆ ಬಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಾಗ ಮಣಿಯಕ್ಕ ಎದ್ದಳು, ಕೂತಳು, ಮತ್ತೆ ಎದ್ದಳು.

"ಕಡ್ಡಿಯಲ್ಲಿ ಬಿರುಕಿರ್ಲಿಲ್ಲ ಕಣೋ," ಎಂದಳು. "ನಾನು ಬಿಸಿ ಮಾಡ್ದೇ ಉರಿಗೆ ಹಾಕ್ದೆ."

"ಗೊತ್ತು."

"ಯಾವಾಗಿಂದ?"

"ಆವತ್ತಿಂದ್ಲೇ. ವರ್ಷಗಟ್ಲೆ ನಿನ್ನ ಪಕ್ಕದಲ್ಲಿ ನಿಂತು ನೋಡಿದೀನಿ, ನಂಗೆ ಗೊತ್ತಾಗಲ್ವ? ಕಣ್ಣು ಹೋಗಿದ್ದಕ್ಕಿಂತ ನೀನು ಸುಳ್ಳು ಹೇಳಿದ್ದೇ ಜಾಸ್ತಿ ಉರೀತು, ಅಕ್ಕ."

ಅವನ ದನಿ ಏರಲಿಲ್ಲ. ಬಸ್ಸು ಬಂತು, ಅವನು ಮುಂದಿನ ಸೀಟಿನಲ್ಲಿ ಕೂತ, ಅವಳು ಹಿಂದೆ. ಆಮೇಲೆ ಒಂಬತ್ತು ದಿನ ಅವನ ಸುಳಿವೂ ಇಲ್ಲ. ಈ ಸಲ ಅವಳು ಬೇರೆ ದಾರಿ ಹಿಡಿಯಲಿಲ್ಲ. ದಿನಕ್ಕೆರಡು ಸಲ ಅಂಗಡಿಯ ಮುಂದಿನಿಂದಲೇ ನಡೆದಳು, ಒಳಗೆ ಹೋಗಲು ಮಾತ್ರ ಧೈರ್ಯ ಬರಲಿಲ್ಲ.

ಹತ್ತನೆಯ ದಿನ ತಮ್ಮ ಒಂದು ನೀಲಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಕೋಣೆಯ ಹೊಸಿಲಿಗೆ ಬಂದು ನಿಂತ.

"ಗಿರಾಕಿಗೆ ಗಾಜಿನ ಗುಂಡಿ ಬೇಕಂತೆ. ಎಂಟು. ಎಲ್ಲಾ ಒಂದೇ ಅಳತೆ ಇರ್ಬೇಕು."

"ಯಾವತ್ತಿಗೆ?"

"ಅವಸರ ಇಲ್ಲ," ಎಂದು ಅವನು ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಇನ್ನೊಂದು ಕೆಲಸದ ಕನ್ನಡಕವನ್ನು ತೆಗೆದು ಹಾಕಿಕೊಂಡು ಒಳಗೆ ಬಂದ.