ಕಾಗಿಣಾ ಯೂಟ್ಯೂಬ್

ಶಹಾಬಾದಿನ ಅಂಬರೇಶ ಲಗ್ನದ ವಿಡಿಯೊ ತೆಗೆಯುತ್ತ ಹದಿನೇಳು ವರ್ಷ ಕಳೆದಿದ್ದ. ಅಷ್ಟರಲ್ಲಿ ಸುತ್ತಲಿನ ಊರುಗಳ ಬಾಯಿಂದ 'ವಿಡಿಯೊ' ಎಂಬ ಶಬ್ದವೇ ಬಿದ್ದುಹೋಗಿತ್ತು. "ನಮ್ಮ ಕೂಸಿನ ತೊಟ್ಟಲದ ಯೂಟ್ಯೂಬ್ ತಗೀತಿಯೇನು?" ಎಂದು ಕೇಳುತ್ತಿದ್ದರು. ಒಮ್ಮೆ ಸತ್ತವರ ಮೂರನೆಯ ದಿನದ ಯೂಟ್ಯೂಬ್ ತೆಗೆಯಲಿಕ್ಕೂ ಕರೆ ಬಂದಿತ್ತು.

ತಾನು ಬಿಸಿಲಲ್ಲಿ ಬೆಂದು ತೆಗೆದದ್ದಕ್ಕೆ ಇನ್ನೊಬ್ಬರ ಹೆಸರೇಕೆ ಎಂದು ಅವನಿಗೆ ಸಿಟ್ಟು. ಚಿತ್ತಾಪುರದ ಗಣಿಯ ಫರಸಿಯನ್ನೂ ಜಗತ್ತು ಶಹಾಬಾದಿ ಕಲ್ಲು ಎಂದೇ ಕೊಳ್ಳುತ್ತದೆ. ಆ ಬಗ್ಗೆ ಮಾತ್ರ ಶಹಾಬಾದಿನವನಾದ ಅವನು ಎಂದೂ ತಕರಾರು ಎತ್ತಿದವನಲ್ಲ.

ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ವಾಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಲೇ ಆ್ಯಪ್ ಕಟ್ಟುವುದನ್ನು ಕಲಿತಿದ್ದ ಮುಜಾಹಿದನನ್ನು ಕಟ್ಟಿಕೊಂಡು ಹದಿನಾಲ್ಕು ತಿಂಗಳು ಕೂತು, ಅಂಬರೇಶ ತನ್ನದೇ ವಿಡಿಯೊ ಆ್ಯಪ್ ಮಾಡಿಸಿದ. ಹೊಳೆಯ ಹೆಸರನ್ನೇ ಇಟ್ಟ: ಕಾಗಿಣಾ. ಜಾಹೀರಾತು ಇಲ್ಲ, ಎಲ್ಲವೂ ಕನ್ನಡದಲ್ಲಿ, ಚಿತ್ರವೂ ಸ್ವಚ್ಛ. ಕೊರತೆ ಒಂದೇ, ಅಲ್ಲಿ ಯಾರೂ ಇರಲಿಲ್ಲ. ಜನ ಬಂದರೆ ಸರ್ವರಿನ ಬಾಡಿಗೆ ಏರುವುದು; ಬರದಿದ್ದರೆ ಮಾನ ಇಳಿಯುವುದು.

"ಅಣ್ಣಾ, ವಾಡಿ ಸ್ಟೇಶನ್ನಿಗಿ ಮಂದಿ ಯಾಕ ಬರ್ತಾರ? ಗಾಡಿ ನಿಂದರ್ತಾವಂತ. ಗಾಡಿ ಯಾಕ ನಿಂದರ್ತಾವ? ಮಂದಿ ಅದಾರಂತ. ನೀ ಅಡವ್ಯಾಗ ಸಂಗಮರವರಿ ಕಲ್ಲಿನ ಸ್ಟೇಶನ್ ಕಟ್ಟಿದರ ಅಲ್ಲಿ ನಾಯಿ ಮಲಗ್ತಾವ" ಎಂದ ಮುಜಾಹಿದ್.

"ಮೊದಲ ಒಂದು ಗಾಡಿ ನಿಂದರಸೋಣ, ತಡಿ."

ಆ ಮೊದಲ ಗಾಡಿ ಚಂದಾಪುರದ ತೊಗರಿ ವ್ಯಾಪಾರಿ ಬಸವಂತರಾಯರ ಮಗಳು ಉಮಾದೇವಿಯ ಲಗ್ನ. ಅವಳನ್ನು ಸಾಕಿ ಬೆಳೆಸಿದ ಅಜ್ಜಿ ಮಹಾದೇವಮ್ಮ ಸೊಂಟದ ಎಲುಬು ಮುರಿದುಕೊಂಡು ನಾಲವಾರದಲ್ಲಿ ಮಲಗಿದ್ದಳು. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವ ಗಳಿಗೆಯನ್ನು ಅಜ್ಜಿ ಅಲ್ಲಿಂದಲೇ ಕಣ್ಣಾರೆ ನೋಡಬೇಕು, ಇದೊಂದೇ ಬಸವಂತರಾಯರ ಷರತ್ತು. ಅಂಬರೇಶ ಎದೆ ಮುಟ್ಟಿಕೊಂಡು ಮಾತು ಕೊಟ್ಟ. ಆಮೇಲೆ ಲಗ್ನಪತ್ರಿಕೆ ಕೈಗೆ ಬಂತು. 'ಕಾಗಿಣಾ ಯೂಟ್ಯೂಬ್‌ನಲ್ಲಿ ನೇರ ಪ್ರಸಾರ' ಎಂದು ಅಚ್ಚಾಗಿತ್ತು.

"ಸಾವ್ಕಾರ್ರ, ಕಾಗಿಣಾ ಬ್ಯಾರೆ, ಯೂಟ್ಯೂಬ್ ಬ್ಯಾರೆ."

"ಗೊತ್ತದ ಮಾರಾಯ. ಬರೇ ಕಾಗಿಣಾ ಅಂತ ಹಾಕಿದರ ಮಂದಿ ಹೊಳಿಗಿ ಹೋಗ್ತಾರ."

ಲಗ್ನದ ದಿನ ಅಕ್ಕಿಕಾಳಿನ ಮುಹೂರ್ತ ಹನ್ನೆರಡೂ ಇಪ್ಪತ್ತಕ್ಕೆ. ಹನ್ನೆರಡೂ ಎರಡಕ್ಕೆ ಕಾಗಿಣಾದಲ್ಲಿ ನೋಡುಗರ ಸಂಖ್ಯೆ ಹನ್ನೊಂದು: ಆರು ಮುಜಾಹಿದನ ಮನೆಯವು, ನಾಲ್ಕು ಅಂಬರೇಶನ ಮನೆಯವು, ಇನ್ನೊಂದು ಮುಜಾಹಿದನ ಜೇಬಿನಲ್ಲೇ ಇತ್ತು. ಅಂಬರೇಶ ಗಾಬರಿಯಿಂದ ನಾಲವಾರಕ್ಕೆ ಫೋನ್ ಹಚ್ಚಿದ.

"ಆಯಿ, ಲಗ್ನ ಕಾಣಾಕತ್ತದೇನ್ರಿ?"

"ಭಾಳ ಛಲೋ ಕಾಣಾಕತ್ತದಪ್ಪ. ಅಳಿಯನ ಮೀಸಿ ಏನು ಭಾರಿ ಅದನೋ."

ಅಂಬರೇಶ ಮಂಟಪದ ಕಡೆ ನೋಡಿದ. ಅಳಿಯನ ಮುಖ ತಿಕ್ಕಿ ತೊಳೆದ ತಾಟಿನ ಹಾಗಿತ್ತು.

ಆಗಿದ್ದು ಇಷ್ಟು. ಪತ್ರಿಕೆಯಲ್ಲಿ ಬರೆದಂತೆಯೇ ಮುದುಕಿ ಯೂಟ್ಯೂಬ್ ತೆರೆದು 'ಕಾಗಿಣಾ' ಎಂದು ಹುಡುಕಿದ್ದಳು. ಸೇಡಂನ ಕಾಗಿಣಾ ಫಂಕ್ಷನ್ ಹಾಲ್‌ನಲ್ಲಿ ಅದೇ ಮುಹೂರ್ತಕ್ಕೆ ಬೇರೆ ಯಾರದೋ ಲಗ್ನ ನೇರವಾಗಿ ಓಡುತ್ತಿತ್ತು. ಬಸವಂತರಾಯರ ಬೀಗರು-ನೆಂಟರು ಅರವತ್ತು ಮಂದಿ ಅಲ್ಲೇ ಸೇರಿ, 'ಉಮಾದೇವಿಗೆ ಶುಭವಾಗಲಿ' ಎಂದು ಕಾಮೆಂಟಿನಲ್ಲಿ ಸಾಲುಸಾಲಾಗಿ ಹರಸುತ್ತಿದ್ದರು. ಕೆಳಗೆ ಸೇಡಂನ ಹೆಣ್ಣಿನ ಕಡೆಯವರು, 'ಈ ಉಮಾದೇವಿ ಯಾರು? ಹುಡುಗ ಉತ್ತರ ಕೊಡಬೇಕು' ಎಂದು ಬರೆಯಲಾರಂಭಿಸಿದ್ದರು.

"ಆಯಿ, ಅದು ನಮ್ಮ ಲಗ್ನ ಅಲ್ರಿ. ಕಾಗಿಣಾ ಆ್ಯಪ್ ಇಳಿಸಿಕೋರಿ, ಲಗೂನ."

ಮುದುಕಿ ಅಲ್ಲಿಲ್ಲಿ ಒತ್ತುವ ಸದ್ದು ಕೇಳಿಸಿತು. ನಂತರ, "ಜಾಗಾ ಇಲ್ಲ ಅನ್ನಾಕತ್ತದ ತಮ್ಮಾ. ಫೋಟೊ ಅಳಸಂತದ. ಮುಂಜಮುಂಜಾನೆ ಬರೋ ಬಸವಣ್ಣನ ಫೋಟೊ ಅವು. ಹ್ಯಾಂಗ ಅಳಸಲಿ?"

ಬಸವಣ್ಣನನ್ನು ದಾಟಿದರೂ ಮುಂದೆ ಫೋನ್ ನಂಬರು, ಒಟಿಪಿ, ಪಾಸ್‌ವರ್ಡು ಕಾದಿದ್ದವು. ಅಷ್ಟೂ ಬೇಲಿ ಕಟ್ಟಿಸಿದವನು ತಾನೇ. ಗಡಿಯಾರ ಹನ್ನೆರಡೂ ಒಂಬತ್ತು ತೋರಿಸುತ್ತಿತ್ತು.

ಯೂಟ್ಯೂಬಿನಲ್ಲಿ ಅಂಬರೇಶನ ಎಂಟು ವರ್ಷದ ಹಳೆಯ ಚಾನೆಲ್ ಇನ್ನೂ ಇತ್ತು. ಅಲ್ಲಿಂದ ನೇರ ಪ್ರಸಾರ ಶುರು ಮಾಡಬಹುದಿತ್ತು. ಆದರೆ ಮಂಟಪಕ್ಕೆ ಬಂದದ್ದು ಒಂದೇ ಇಂಟರ್ನೆಟ್ ಲೈನು. ಅದು ಎರಡು ಪ್ರಸಾರದ ಭಾರ ಹೊರುವಂತಿರಲಿಲ್ಲ. ಒಂದನ್ನು ಏರಿಸಬೇಕಾದರೆ ಇನ್ನೊಂದನ್ನು ಇಳಿಸಬೇಕು.

"ಇವತ್ತೇ ಶುರು, ಇವತ್ತೇ ಬಂದ್" ಎಂದ ಮುಜಾಹಿದ್. "ನಾಳಿ ನಮ್ಮ ಕಡಿ ಯಾರು ಬರ್ತಾರಣ್ಣಾ?"

ಅಂಬರೇಶ ಹದಿನಾಲ್ಕು ತಿಂಗಳನ್ನು ನೆನೆದ. ಆಮೇಲೆ ಸೇಡಂನ ಮೀಸೆಯನ್ನೂ ನೆನೆದ.

"ತಗಿ" ಎಂದ.

ಮುಜಾಹಿದ್ ಕಾಗಿಣಾದ ತಂತಿ ಕಿತ್ತ. ಹನ್ನೆರಡೂ ಹದಿನಾರಕ್ಕೆ ಹಳೆಯ ಚಾನೆಲ್ಲಿನಲ್ಲಿ ಲಗ್ನ ಕಾಣಿಸಿತು. ಬೀಗರ ವಾಟ್ಸಾಪಿಗೆ ಅದರ ಲಿಂಕ್ ಹೋಯಿತು. ಮೂರು ನಿಮಿಷದೊಳಗೆ ನೂರ ನಲವತ್ತು ಮಂದಿ. ಸೇಡಂನ ಮದುಮಗ ನಿಟ್ಟುಸಿರು ಬಿಟ್ಟಿರಬೇಕು. ಅಂಬರೇಶನ ಫೋನು ಗುಣುಗುಟ್ಟಿತು.

"ಈಗ ಬಂತು ನೋಡು ನಮ್ಮ ಕೂಸು" ಎಂದಳು ಮಹಾದೇವಮ್ಮ. "ಆ ಐನೋರ ಬೆನ್ನು ಎಷ್ಟೊತ್ತು ತೋರಸ್ತಿ? ಅದನ್ನ ನೋಡಾಕ ಕುಂತೀನೇನು? ಹುಡುಗಿ ಮಾರಿ ತೋರಸು."

ಅಕ್ಕಿಕಾಳು ಬೀಳಲಾರಂಭಿಸಿತು. ಅಂಬರೇಶ ತಲೆ, ಕಾಲರು, ಕ್ಯಾಮೆರಾ ಎಲ್ಲದರಲ್ಲೂ ಅಕ್ಕಿ ತುಂಬಿಸಿಕೊಂಡು ಮಂತ್ರ ಹೇಳುತ್ತಿದ್ದ ಐನೋರನ್ನು ಸುತ್ತಿ ಮಂಟಪದ ಅಂಚಿಗೆ ಹೋಗಿ, ಒಂದು ಮೊಣಕಾಲೂರಿ ಕೂತ. ಉಮಾದೇವಿಯ ಮುಖ ಚೌಕಟ್ಟಿನ ತುಂಬ ಬಂತು. ಫೋನನ್ನು ಕಿವಿಯ ಬಳಿ ಸಿಕ್ಕಿಸಿಕೊಂಡ.

"ಅಳಾಕತ್ತಾಳೇನು?" ಎಂದಳು ಮುದುಕಿ. "ನಾ ನೋಡಾಕತ್ತೀನಿ ಅಂತ ಹೇಳು."

ಅಂಬರೇಶ ಹೇಳಿದ. ಉಮಾದೇವಿ ಕಣ್ಣೊರೆಸಿಕೊಂಡು ನೇರವಾಗಿ ಕ್ಯಾಮೆರಾ ನೋಡಿದಳು. ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು, ಊಟ ಆಯಿತೇನು ಎಂದು ಅಜ್ಜಿಯನ್ನು ಸನ್ನೆಯಲ್ಲೇ ಕೇಳಿದಳು.

"ಮೊದಲ ನೀ ಉಣ್ಣು ಅಂತ ಹೇಳು" ಎಂದಳು ಮಹಾದೇವಮ್ಮ.

ಅಂಬರೇಶ ಅದನ್ನೂ ಮುಟ್ಟಿಸಿದ.