ಅರಿಶಿನ ಬಣ್ಣದ ಫುರ್ಸೆ

ಗಂಡ ತೀರಿಕೊಂಡ ಮರುವರ್ಷ ಸುಂದ್ರವ್ವ ಮುಂಬೈಯ ಘಾಟ್ಕೋಪರಿನ ಗುಡ್ಡಕ್ಕೆ ಬಂದಳು. ಇಂಡಿ ತಾಲೂಕಿನವಳು, ಮದುವೆಯಾಗುವ ತನಕ ಅಪ್ಪನ ಕುರಿಗಳ ಹಿಂದೆ ಕಲ್ಲುನೆಲದಲ್ಲಿ ಅಲೆದವಳು. ಗುಡ್ಡದ ಕಲ್ಲುಗಣಿಯಲ್ಲಿ ಗಂಡಸರು ಬಂಡೆ ಸಿಡಿಸುತ್ತಿದ್ದರು, ಹೆಂಗಸರು ಕೂತು ಅದನ್ನು ಒಡೆದು ಖಡಿ, ಅಂದರೆ ಜಲ್ಲಿ, ಮಾಡುತ್ತಿದ್ದರು. ಖಡಿ ತುಂಬಿಕೊಂಡ ಲಾರಿಗಳು ಕೆಳಗೆ ಏಳುತ್ತಿದ್ದ ಬಿಲ್ಡಿಂಗುಗಳ ಕಡೆಗೆ ಇಳಿಯುತ್ತಿದ್ದವು. ಸುಂದ್ರವ್ವನ ಮಾತು ಕಡಿಮೆ, ಆಡಿದರೆ ಬಿರುಸು. ಅವಳ ಪಕ್ಕ ಕೂತು ಕಲ್ಲು ಒಡೆಯಲು ಯಾರೂ ಇಷ್ಟಪಡುತ್ತಿರಲಿಲ್ಲ.

ಇಷ್ಟಪಟ್ಟವಳು ಭಾಗವ್ವ ಒಬ್ಬಳೇ. ಅರವತ್ತೊಂಬತ್ತನೇ ಇಸವಿಯಲ್ಲಿ, ಮದುವೆಯ ಬಳೆ ಇನ್ನೂ ಕೈಯಲ್ಲಿರುವಾಗಲೇ, ಗಂಡ ಖಂಡಪ್ಪನ ಜೊತೆ ಗಣಿಗೆ ಬಂದ ಹುಡುಗಿ. ಬೆರಳು ಜಜ್ಜಿಕೊಳ್ಳದೆ ಸುತ್ತಿಗೆ ಹೊಡೆಯುವುದನ್ನು ಸುಂದ್ರವ್ವನೇ ಕಲಿಸಿದಳು. ಬೈದರೂ ನಗುವ ಜಾತಿ ಅದು. "ಸುಂದ್ರಕ್ಕಾ, ನೀ ಬೈದ್ರ ನಂಗ ನಮ್ಮವ್ವನ ನೆನಪಾಗ್ತೈತಿ ನೋಡು" ಅನ್ನುತ್ತಿದ್ದಳು. ಎರಡು ವರ್ಷ ಇಬ್ಬರೂ ಒಂದೇ ತಗಡಿನ ನೆರಳಲ್ಲಿ ಕೂತು ರೊಟ್ಟಿ ತಿಂದರು.

ಎಪ್ಪತ್ತೊಂದರ ನವೆಂಬರಿನ ಒಂದು ಸೋಮವಾರ. ಬಿಸಿಲು ಇನ್ನೂ ಸರಿಯಾಗಿ ಏರಿರಲಿಲ್ಲ. ಸುಂದ್ರವ್ವ ಒಂದು ಚಪ್ಪಟೆ ಕಲ್ಲನ್ನು ಎತ್ತಿದಳು. ಅಡಿಯಲ್ಲಿ ಒಂದು ಹಾವು. ಗೇಣುದ್ದ ಇದ್ದೀತು. ಮೈಯೆಲ್ಲ ಅರಿಶಿನ, ಬೆನ್ನ ಮೇಲೆ ಒಂದು ಚುಕ್ಕೆ ಇಲ್ಲ, ಗೆರೆ ಇಲ್ಲ, ಕಣ್ಣು ಮಾತ್ರ ಕೆಂಪು. ತಂಪಿಗೆ ಜಡವಾಗಿ ಮಡಿಕೆ ಮಡಿಕೆಯಾಗಿ ಬಿದ್ದಿತ್ತು. ಅಗಲ ತಲೆ, ಗಿಡ್ಡ ಮೈ ನೋಡಿದ ಕೂಡಲೇ ಅವಳಿಗೆ ಅನುಮಾನ ಬಂತು. ಮುಂಬೈ ಕಡೆಯವರು ಫುರ್ಸೆ ಅನ್ನುವ ಹಾವು. ಕಚ್ಚಿದರೆ ನೆತ್ತರು ಹೆಪ್ಪುಗಟ್ಟುವುದೇ ನಿಂತುಬಿಡುತ್ತದೆ. ಆದರೆ ಅವಳು ಕಂಡ ಫುರ್ಸೆಗಳೆಲ್ಲ ಮಣ್ಣಿನ ಬಣ್ಣದವು.

ಕಲ್ಲು ಕೈಯಲ್ಲೇ ಇತ್ತು. ಹಾಕಿಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳು ಹಾಕಲಿಲ್ಲ. ಧೂಳು ಬಿಟ್ಟು ಬೇರೆ ಬಣ್ಣವನ್ನೇ ಕಾಣದ ಆ ಜಾಗದಲ್ಲಿ ಅಷ್ಟು ಚೆಂದದ್ದು ಕಣ್ಣಿಗೆ ಬಿದ್ದಿತ್ತು. ಒಬ್ಬಳೇ ನೋಡಲು ಮನಸ್ಸಾಗಲಿಲ್ಲ.

"ಭಾಗೀ, ಇಲ್ಲಿ ಬಾರ. ಏನೈತಿ ನೋಡು" ಎಂದು ಕೂಗಿದಳು.

ಅವತ್ತು ದೂರದ ಇನ್ನೊಂದು ಕಲ್ಲುಗುಡ್ಡೆಯ ಹತ್ತಿರ ಕೂತಿದ್ದ ಭಾಗವ್ವ ಓಡಿ ಬಂದಳು. "ಯವ್ವಾ! ದೇವರ ಹಾವಕ್ಕಾ ಇದು!"

"ದೂರ ನಿಲ್ಲು. ಫುರ್ಸೆ ಇರಬೇಕು."

"ಫುರ್ಸೆ ಹಿಂಗ ಬಂಗಾರದಂಗ ಇರ್ತೈತೇನು? ಸುಮ್ನಿರು ನೀ." ಹಣೆಯ ಕುಂಕುಮವನ್ನು ಬೆರಳ ತುದಿಗೆ ತೆಗೆದುಕೊಂಡು, ಅದರ ಮುಂದಿನ ಮಣ್ಣಿಗೆ ಹಚ್ಚಲು ಬಗ್ಗಿದಳು.

ಆಗ ಸದ್ದು ಬಂತು. ಕಾದ ಎಣ್ಣೆಗೆ ನೀರು ಸಿಡಿದ ಹಾಗೆ ಚರಚರ, ಮೈಗೆ ಮೈ ಉಜ್ಜಿದ ಸದ್ದು. ಸುಂದ್ರವ್ವನಿಗೆ ಅದು ಚಿಕ್ಕಂದಿನಿಂದ ಗೊತ್ತಿದ್ದ ಫುರ್ಸೆಯ ಸದ್ದು. ಭಾಗವ್ವನ ರಟ್ಟೆ ಹಿಡಿದು ಎಳೆಯುವಷ್ಟರಲ್ಲಿ ತೋರುಬೆರಳಿನ ಮೇಲೆ ಎರಡು ಹನಿ ರಕ್ತ ಮೂಡಿತ್ತು.

ರೊಟ್ಟಿ ತಂದಿದ್ದ ಡಾಲ್ಡಾ ಡಬ್ಬಿ ಮಗುಚಿ ಹಾಕಿ, ಅಡಿಯಲ್ಲಿ ತಗಡು ತೂರಿಸಿ, ಸುಂದ್ರವ್ವ ಹಾವನ್ನು ಹಿಡಿದಳು. ಯಾವ ಹಾವೆಂದು ತೋರಿಸಿದರೆ ಡಾಕ್ಟರು ಸರಿಯಾದ ಔಷಧ ಕೊಡುತ್ತಾನೆ ಎಂಬ ಲೆಕ್ಕ ಅವಳದು. ಖಂಡಪ್ಪ ಹೆಂಡತಿಯನ್ನು ಖಡಿ ಲಾರಿಯಲ್ಲಿ ಕೂರಿಸಿಕೊಂಡ. ಮೂವರೂ ಆಸ್ಪತ್ರೆ ಮುಟ್ಟಿದರು.

ಡಾಕ್ಟರು ಚಿಕ್ಕ ವಯಸ್ಸಿನವನು. ಡಬ್ಬಿಯ ಮೇಲಿನ ತಗಡು ಸರಿಸಿ ಇಣುಕಿದ. ಗೋಡೆಯ ಮೇಲಿನ ಹಾವುಗಳ ಚಿತ್ರಪಟ ನೋಡಿದ. "ಫುರ್ಸೆ ಐಸಾ ನಹೀ ಹೋತಾ, ಬಾಯಿ. ಯೇ ಜಹರೀಲಾ ನಹೀ ಹೈ" ಎಂದ. ಫುರ್ಸೆ ಹೀಗಿರುವುದಿಲ್ಲ, ಇದಕ್ಕೆ ವಿಷವೇ ಇಲ್ಲ ಎಂಬುದು ಅವನ ತೀರ್ಮಾನ.

"ಆವಾಜ್ ಸುನಾ ಸಾಬ್, ಮೈನೇ ಆವಾಜ್ ಸುನಾ" ಎಂದು, ಆ ಚರಚರ ಸದ್ದನ್ನು ತಾನೇ ಕೇಳಿದ್ದಾಗಿ ಸುಂದ್ರವ್ವ ತನ್ನ ಮುರುಕು ಹಿಂದಿಯಲ್ಲಿ ಮೂರು ಸಲ ಹೇಳಿದಳು. ಅವನು ಧನುರ್ವಾತದ ಸೂಜಿ ಚುಚ್ಚಿಸಿ ಮನೆಗೆ ಕಳಿಸಿದ.

ಮಂಗಳವಾರ ಕೈ ಮೊಣಕೈವರೆಗೆ ಊದಿತು. ಬುಧವಾರ ಬೆಳಿಗ್ಗೆ ಬಾಯಿ ಮುಕ್ಕಳಿಸಿದಾಗ ನೀರು ಕೆಂಪಗಿತ್ತು. "ಒಸಡು ನೋಯಂಗಿಲ್ಲಕ್ಕಾ, ಸುಮ್ಮನ ಸೋರತೈತಿ" ಎಂದಳು ಭಾಗವ್ವ, ತನಗೇ ಸೋಜಿಗವಾದವಳಂತೆ. ಮತ್ತೆ ಆಸ್ಪತ್ರೆ. ಈ ಸಲ ಮಂಚ ಕೊಟ್ಟರು. ಆದರೆ ಡಾಕ್ಟರು ಹಾವಿನ ಮಾತು ಕೇಳಲೊಲ್ಲ. ರಕ್ತದ್ದೇ ಏನೋ ಕಾಯಿಲೆ ಎಂದ.

ಅಲ್ಲಿ ಶೀಲಾವತಿ ಎಂಬ ನರ್ಸ್ ಇದ್ದಳು, ಉಡುಪಿ ಕಡೆಯವಳು. ಸುಂದ್ರವ್ವನನ್ನು ಕಾರಿಡಾರಿಗೆ ಕರೆದು ಮೆಲ್ಲಗೆ ಹೇಳಿದಳು: "ನಾನು ಹೇಳಿದರೆ ಡಾಕ್ಟರು ಕೇಳುವುದಿಲ್ಲ ಮಾರಾಯ್ತಿ. ಫೋರ್ಟಿನ ಕಾಲೇಜಿನಲ್ಲಿ ಬಸವಂತರಾಯರು ಅಂತ ಹಾವಿನ ಪ್ರೊಫೆಸರ್ ಇದ್ದಾರೆ, ನಿಮ್ಮ ಕಡೆಯವರೇ. ಇದು ಫುರ್ಸೆಯೇ ಅಂತ ಅವರು ಬರೆದುಕೊಟ್ಟರೆ ವಿಷಕ್ಕೆ ಮದ್ದು ಕೊಟ್ಟಾರು. ಬೇಗ ಹೋಗಿ ಬನ್ನಿ."

ಸುಂದ್ರವ್ವ ಡಬ್ಬಿಯನ್ನು ಸೆರಗಿನೊಳಗೆ ಅವಚಿಕೊಂಡು ಲೋಕಲ್ ಹತ್ತಿದಳು. ಕೇಳಿ ಕೇಳಿ ಕಾಲೇಜು ಮುಟ್ಟುವಾಗ ಹನ್ನೊಂದಾಗಿತ್ತು. ಬಸವಂತರಾಯರು ಡಬ್ಬಿಯೊಳಗೆ ನೋಡಿ ಕುರ್ಚಿಯಿಂದ ಎದ್ದುಬಿಟ್ಟರು.

"ಫುರ್ಸೇನಽ ಇದು! ಹುಟ್ಟಾ ಮೈಯಾಗ ಕರೀ ಬಣ್ಣ ಇಲ್ಲದ್ದು, ಅದಕ್ಕಽ ಹಳದಿ. ಇಪ್ಪತ್ತು ವರ್ಷದಾಗ ನಾ ಇಂಥಾದ್ದು ನೋಡಿಲ್ಲ. ಎಲ್ಲಿ ಸಿಕ್ತವ್ವಾ?"

"ಸಾಹೇಬ್ರ, ಹುಡುಗಿಗೆ ಕಡದೈತಿ. ಮೂರು ದಿನ ಆತು. ಡಾಕ್ಟರು ನಂಬವಲ್ಲ. ಒಂದು ಚೀಟಿ ಬರಕೊಡ್ರಿ."

"ಕೊಡ್ತೀನಿ, ಕೊಡ್ತೀನಿ. ಒಂದ್ನಿಮಿಷ ತಡಿ." ಪಕ್ಕದ ಕೋಣೆಯವರನ್ನು ಕರೆದರು. ಕ್ಯಾಮೆರಾ ಬಂತು. ಹಾವನ್ನು ಗಾಜಿನ ಪೆಟ್ಟಿಗೆಗೆ ಇಳಿಸಿದರು, ಅಳೆದರು. "ಕೊಲ್ಲಲಿಲ್ಲ ನೋಡು ನೀನು, ಅದು ದೊಡ್ಡ ಮಾತು. ಬೇರೆಯವರಾಗಿದ್ರ ಜಜ್ಜಿಬಿಡ್ತಿದ್ರು" ಎಂದು ಮೆಚ್ಚಿಕೊಂಡರು. ಸುಂದ್ರವ್ವ ಚೀಟಿಗೆ ಕೈ ಚಾಚಿದಳು. ಚೀಟಿ ಕೈಗೆ ಬರುವಾಗ ಮಧ್ಯಾಹ್ನ ಒಂದು ಗಂಟೆ ಮೀರಿತ್ತು. ಬಸವಂತರಾಯರ ಮೇಜಿನ ಮೇಲೆ ಫೋನ್ ಇತ್ತು, ಅಲ್ಲಿಂದಲೇ ಆಸ್ಪತ್ರೆಗೆ ಹೇಳಬಹುದಿತ್ತು ಎಂಬುದು ಅವಳಿಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ.

ವಾರ್ಡಿಗೆ ಬಂದಾಗ ಮಂಚಕ್ಕೆ ಬೇರೆ ಚಾದರ ಹಾಸುತ್ತಿದ್ದರು. ಡಾಕ್ಟರು ಚೀಟಿ ಓದಿದ. ಮುಖ ಬಿಳುಚಿತು. ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು ಹೊರಟುಹೋದ. ಭಾಗವ್ವ ಜ್ವರದಿಂದ ಸತ್ತಳೆಂದು ಆಸ್ಪತ್ರೆಯ ಕಾಗದದಲ್ಲಿ ಬರೆದಿತ್ತು.

ಮುಂದಿನ ವಾರ ಲಾರಿ ಡ್ರೈವರ್ ಒಂದು ಮರಾಠಿ ಪೇಪರ್ ತಂದು ತೋರಿಸಿದ. ಗಾಜಿನ ಪೆಟ್ಟಿಗೆಯ ಪಕ್ಕ ಬಸವಂತರಾಯರು ನಗುತ್ತಾ ನಿಂತಿದ್ದರು. ಘಾಟ್ಕೋಪರಿನ ಗುಡ್ಡದಲ್ಲಿ ಅವರಿಗೆ ಅಪರೂಪದ ಹಾವು ಸಿಕ್ಕಿದೆ ಎಂದು ಡ್ರೈವರ್ ಓದಿ ಹೇಳಿದ. ಭಾಗವ್ವನ ಹೆಸರು ಇದೆಯೇನು ಎಂದು ಸುಂದ್ರವ್ವ ಕೇಳಿದಳು. ಇರಲಿಲ್ಲ.

ಖಂಡಪ್ಪ ಒಂದು ಸಂಜೆ ಅವಳ ಗುಡಿಸಲ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ. "ಸುಂದ್ರಕ್ಕಾ, ಆಕಿ ನಿಮ್ಮಿಂದ ಅಷ್ಟು ದೂರ ಕುಂತಿದ್ಳಲ್ಲ. ಹಾವಿನ ಹತ್ರ ಹ್ಯಾಂಗ ಬಂದ್ಳು?"

ಡಾಕ್ಟರನ್ನು ಬೈಯಬಹುದಿತ್ತು, ಪ್ರೊಫೆಸರನ್ನು ಬೈಯಬಹುದಿತ್ತು. ಇಬ್ಬರನ್ನೂ ಅವಳು ಮನಸ್ಸಿನಲ್ಲಿ ಸಾಕಷ್ಟು ಶಪಿಸಿದ್ದಳು. ಆದರೆ ಅವನು ಕೇಳಿದ್ದು ಅದಲ್ಲ.

"ನಾನಽ ಕರದೆ" ಎಂದಳು. "ಚೆಂದ ಐತಿ, ನೋಡ ಬಾ ಅಂತ ಕರದೆ. ಕಲ್ಲು ನನ್ನ ಕೈಯಾಗಽ ಇತ್ತು."

ಖಂಡಪ್ಪ ಹೆಗಲ ಟವೆಲ್ಲು ಕೊಡವಿಕೊಂಡ. ಆಮೇಲೆ ಎದ್ದು ಹೋದ. ಬೈದಿದ್ದರೆ, ಎರಡು ಬಾರಿಸಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. ತಿಂಗಳು ತುಂಬುವ ಮೊದಲೇ ಅವನು ಗಣಿ ಬಿಟ್ಟು ಆಂಟಾಪ್ ಹಿಲ್ ಕಡೆ ಕಟ್ಟಡದ ಕೆಲಸಕ್ಕೆ ಸೇರಿಕೊಂಡ.

ಸುಂದ್ರವ್ವ ಇನ್ನೂ ಐದು ವರ್ಷ ಅಲ್ಲೇ ಕಲ್ಲು ಒಡೆದಳು. ಪಕ್ಕದಲ್ಲಿ ಯಾರನ್ನೂ ಕೂರಗೊಡಲಿಲ್ಲ. ಎಪ್ಪತ್ತಾರರಲ್ಲಿ ಒಮ್ಮೆ ದಾದರ್ ಸ್ಟೇಷನ್ನಿನಲ್ಲಿ ಖಂಡಪ್ಪ ಎದುರಾದ. ಜೊತೆಗೆ ಹೊಸ ಹೆಂಡತಿ, ಕಂಕುಳಲ್ಲಿ ಕೂಸು. ಅವನು ಸುಂದ್ರವ್ವನನ್ನು ನೋಡಿ ಮುಖ ತಿರುಗಿಸಿದ.

"ಯಾರ್ರಿ ಅಕಿ, ನಿಮ್ಮನ್ನಽ ನೋಡಾಕತ್ಯಾಳಲ್ಲ?" ಎಂದು ಆ ಹೆಂಗಸು ಕೇಳಿದ್ದು ಸುಂದ್ರವ್ವನಿಗೆ ಕೇಳಿಸಿತು.

"ಯಾರೋ, ಗೊತ್ತಿಲ್ಲ" ಎಂದ ಖಂಡಪ್ಪ.

ಗಾಡಿ ಬಂತು. ಅವರು ಹತ್ತಿದರು. ಸುಂದ್ರವ್ವನೂ ಅದೇ ಗಾಡಿಗೆ ಹೋಗಬೇಕಿತ್ತು, ಹತ್ತಲಿಲ್ಲ. ಮುಂದಿನದು ಬರುವವರೆಗೆ ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ ನಿಂತೇ ಇದ್ದಳು.