ಹೆಣ್ಣು ನೋಡಲು ಬಂದವರ ವ್ಯಾಕರಣ ಪರೀಕ್ಷೆ

ಗೆಳತಿಯರೇ, ನಾನು ಇಂಗ್ಲಿಷ್ ಕಲಿಸುವ ಶಾಂತವ್ವನನ್ನು ನೋಡಲು ಇವತ್ತು ಯಲಬುರ್ಗಿಯಿಂದ ಗಂಡಿನವರು ಕುಷ್ಟಗಿಗೆ ಬಂದಿದ್ದರು. ಮದುವೆ ಕುದುರಿದರೆ ಅವಳ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಹುಡುಗನ ಅಪ್ಪ ಕೇಳಿದರು: “ಪಾರ್ಟ್ಸ್ ಆಫ್ ಸ್ಪೀಚ್ ಎಂಟೂ ಹೇಳವಾ, ಕೇಳೋಣು.”

“ನೌನ್, ವರ್ಬ್...” ಎಂದವಳು ತಲೆ ತಗ್ಗಿಸಿದಳು.

“ನಮ್ಮ ಹುಡುಗ ನಿಜಾಮ ಸರ್ಕಾರದ ಕಚೇರ್ಯಾಗ ಅದಾನ್ರಿ. ಇಂಗ್ಲಿಷ್ ಬರೋ ಹುಡುಗೀನ ಬೇಕು,” ಎಂದು ಎದ್ದು ಹೊರಟರು.

ಅವಳ ಅಪ್ಪ ನನ್ನತ್ತ ತಿರುಗಿದರು. “ಇಷ್ಟ ದಿನಾ ಏನ್ ಕಲಿಸೀರಿ ಅಕ್ಕಾರ?”

ಒಳಗೆ ಹೋದರೆ ಶಾಂತವ್ವ ಉಳಿದ ಉಪ್ಪಿಟ್ಟು ತಿನ್ನುತ್ತ ಎಂಟನ್ನೂ ಉದಾಹರಣೆ ಸಮೇತ ಒಪ್ಪಿಸಿದಳು. “ಅಪ್ಪಗ ಹೇಳಬ್ಯಾಡ್ರಿ.”

ಹೇಳಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ತಿಳಿಯದು. ನನ್ನ ಪಾಠದ ಹೆಸರು ಊರಲ್ಲಿ ಕೆಟ್ಟಿದೆ. ಒಬ್ಬ ವಿದ್ಯಾರ್ಥಿನಿ ಮಾತ್ರ ಖಾತ್ರಿಯಾಗಿ ಉಳಿದಿದ್ದಾಳೆ.